ಕೊಬ್ಬಿಲ್ಲದ ‘ಲೀನ್’

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಬರಹಗಳನ್ನು ತಿದ್ದುವಾಗ ನನಗೆ ಮೇಲಿಂದ ಮೇಲೆ ಎದುರಾಗುವ ಪದ ‘ತೆಳ್ಳಗಿನ’. ಮೂಲದಲ್ಲಿ ಥಿನ್ ಇರಲಿ, ಸ್ಲಿಮ್ ಇರಲಿ, ಸ್ಲೆಂಡರ್ ಇರಲಿ, ಲೀನ್ ಇರಲಿ, ಅನುವಾದದಲ್ಲಿ ಅದು ತೆಳ್ಳಗಿನ ಮನುಷ್ಯನಾಗಿಯೋ ತೆಳ್ಳಗಿನ ಮೈಕಟ್ಟಾಗಿಯೋ ಬಂದು ಕೂರುತ್ತದೆ. ಮೊದಲ ಮೂರರ ಮಟ್ಟಿಗೆ ಇದರಿಂದ ಆಗುವ ನಷ್ಟ ದೊಡ್ಡದಲ್ಲ. ಬೆಡಗು ಸ್ವಲ್ಪ ಕಡಿಮೆಯಾದರೂ ಓದುಗನಿಗೆ ಚಿತ್ರ ಸಿಗುತ್ತದೆ. ಲೀನ್ ವಿಷಯದಲ್ಲಿ ಮಾತ್ರ ಚಿತ್ರವೇ ಬದಲಾಗಿಬಿಡುತ್ತದೆ. ಮೂಲದ ಲೇಖಕ ಹುರಿಗಟ್ಟಿದ ಸ್ನಾಯುಗಳ ಓಟಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೆ, ಕನ್ನಡದ ಓದುಗನಿಗೆ ಗಾಳಿ ಬೀಸಿದರೆ ಬಳುಕುವ ವ್ಯಕ್ತಿಯೊಬ್ಬ ಕಾಣಿಸುತ್ತಾನೆ.

ಲೀನ್ ಎಂಬ ವಿಶೇಷಣವು ಗಾತ್ರವನ್ನು ಅಳೆಯುವುದಿಲ್ಲ, ಕೊಬ್ಬು ಇಲ್ಲದಿರುವುದನ್ನು ಹೇಳುತ್ತದೆ. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡರೆ ಮಾಂಸದಂಗಡಿಯಿಂದ ಕಾರಿನ ಕಾರ್ಖಾನೆಯವರೆಗೆ ಹರಡಿಕೊಂಡಿರುವ ಅದರ ಬಳಕೆಗಳೆಲ್ಲ ಒಂದೇ ಎಳೆಯಲ್ಲಿ ಬಿಡಿಸಿಕೊಳ್ಳುತ್ತವೆ. ಇದನ್ನು ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಕಾಗದ, ತಂತಿ, ಬಟ್ಟೆ, ಮಂಜಿನ ಪೊರೆ ಇವೆಲ್ಲವೂ ಇಂಗ್ಲಿಷಿನಲ್ಲಿ ಥಿನ್ ಆಗಬಲ್ಲವು, ಆದರೆ ಲೀನ್ ಆಗಲಾರವು. ಕೊಬ್ಬನ್ನು, ಅಥವಾ ಕೊಬ್ಬಿಗೆ ಹೋಲಿಸಬಹುದಾದ ಯಾವುದಾದರೂ ಹೆಚ್ಚುವರಿಯನ್ನು ಹೊರಬಲ್ಲ ವಸ್ತುವಿಗೆ ಮಾತ್ರ ಈ ವಿಶೇಷಣ ಒಪ್ಪುತ್ತದೆ. ಮನುಷ್ಯ, ಹಸು, ತೋಳ, ಮಾಂಸದ ತುಂಡು, ಆಯವ್ಯಯ ಪತ್ರ, ಕಚೇರಿಯ ಸಿಬ್ಬಂದಿ, ಗದ್ಯದ ಶೈಲಿ ಇವುಗಳಿಗೆ ಮೈ ಬೆಳೆಸಿಕೊಳ್ಳುವ ಸಾಧ್ಯತೆ ಇರುವುದರಿಂದಲೇ ಇವು ಲೀನ್ ಕೂಡ ಆಗಬಲ್ಲವು. ತಂತಿ ಎಷ್ಟು ದಪ್ಪವಾದರೂ ಅದಕ್ಕೆ ಬೊಜ್ಜು ಬರುವುದಿಲ್ಲ.

ನೆರೆಹೊರೆಯ ಪದಗಳನ್ನು ಬೇಗ ನೋಡಿಬಿಡೋಣ. ಥಿನ್ ಎಲ್ಲಕ್ಕಿಂತ ತಟಸ್ಥವಾದುದು ಮತ್ತು ಹಳೆಯದು. ಸಂಸ್ಕೃತದ ‘ತನು’ ಅದರ ದೂರದ ಬಂಧು, ಎರಡರ ಬುಡದಲ್ಲೂ ಎಳೆದು ಹಿಗ್ಗಿಸುವ ಅರ್ಥದ ಧಾತುವೇ ಇದೆ. ಸ್ಲಿಮ್ ಎಂಬುದು ಹೊಗಳಿಕೆ, ಆದರೂ ಅದು ಹದಿನೇಳನೆಯ ಶತಮಾನದಲ್ಲಿ ಡಚ್ ಭಾಷೆಯಿಂದ ಬಂದಾಗ ಅದರ ಹಿಂದಿದ್ದ ಅರ್ಥ ವಕ್ರ, ಕೆಟ್ಟದ್ದು ಎಂಬುದಾಗಿತ್ತು, ಅದರ ಜರ್ಮನ್ ಬಂಧುವಿಗೆ ಇಂದಿಗೂ ಕೆಟ್ಟದ್ದು ಎಂದೇ ಅರ್ಥ. ಸ್ಲೆಂಡರ್‌ನಲ್ಲಿ ನೀಳತೆಯ ಜೊತೆಗೆ ಸೊಬಗಿದೆ. ಸ್ಕಿನ್ನಿ ಎಂದರೆ ಚರ್ಮವೇ ಎದ್ದು ಕಾಣುವಷ್ಟು ಸಣಕಲು. ಅದರಲ್ಲಿ ಸಲಿಗೆಯ ಗೇಲಿ ಇರುತ್ತದೆ. ಗಾಂಟ್ ಎಂದರೆ ಹಸಿವು, ಕಾಯಿಲೆ ಅಥವಾ ಚಿಂತೆಯಿಂದ ಕೆನ್ನೆ ಗುಳಿಬಿದ್ದವನು. ಲ್ಯಾಂಕಿ ಎಂದರೆ ಉದ್ದಕ್ಕೆ ಬೆಳೆದು ಕೈಕಾಲು ಎಲ್ಲಿಡಬೇಕೆಂದು ತಿಳಿಯದವನು. ಇವೆಲ್ಲವೂ ಹೊರಗಿನ ರೂಪವನ್ನು ಬಣ್ಣಿಸುವ ಪದಗಳು. ಲೀನ್ ಮಾತ್ರ ಚರ್ಮದ ಕೆಳಗೆ ಏನಿದೆ, ಏನಿಲ್ಲ ಎಂಬ ವಿಚಾರಕ್ಕೆ ಇಳಿಯುತ್ತದೆ.

ಅದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಮಾಂಸದಲ್ಲಿ. ಇಂಗ್ಲಿಷಿನಲ್ಲಿ ಲೀನ್ ನಾಮಪದವೂ ಹೌದು. ಮಾಂಸದ ತುಂಡಿನಲ್ಲಿ ಕೊಬ್ಬನ್ನು ಬಿಟ್ಟು ಉಳಿದ ಕೆಂಪು ಭಾಗಕ್ಕೆ ಆ ಹೆಸರು. ಇಂಗ್ಲಿಷ್ ಮಕ್ಕಳ ಪದ್ಯವೊಂದರಲ್ಲಿ ಬರುವ ಜ್ಯಾಕ್ ಸ್ಪ್ರ್ಯಾಟ್ ಎಂಬಾತನಿಗೆ ಕೊಬ್ಬು ಸೇರುವುದಿಲ್ಲ, ಅವನ ಹೆಂಡತಿಗೆ ಲೀನ್ ಸೇರುವುದಿಲ್ಲ, ಹಾಗಾಗಿ ಇಬ್ಬರೂ ಸೇರಿ ತಟ್ಟೆಯನ್ನು ನೆಕ್ಕಿ ಖಾಲಿ ಮಾಡುತ್ತಾರೆ. ಇಲ್ಲಿ ಲೀನ್ ಅನ್ನು ತೆಳ್ಳಗಿನ ಎಂದು ಅನುವಾದಿಸಿದರೆ ಪದ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಅಮೆರಿಕದಲ್ಲಂತೂ ಈ ಪದಕ್ಕೆ ಕಾನೂನಿನ ಅಳತೆಯೇ ಇದೆ. ಅಲ್ಲಿಯ ಲೇಬಲ್ ನಿಯಮದ ಪ್ರಕಾರ 100 ಗ್ರಾಂ ಮಾಂಸದಲ್ಲಿ ಒಟ್ಟು ಕೊಬ್ಬು 10 ಗ್ರಾಂಗಿಂತ ಕಡಿಮೆ, ಸ್ಯಾಚುರೇಟೆಡ್ ಕೊಬ್ಬು 4.5 ಗ್ರಾಂ ಅಥವಾ ಅದಕ್ಕಿಂತ ಕಡಿಮೆ, ಕೊಲೆಸ್ಟರಾಲ್ 95 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮಾತ್ರ ಪೊಟ್ಟಣದ ಮೇಲೆ ಲೀನ್ ಎಂದು ಬರೆಯಬಹುದು. ‘ಎಕ್ಸ್‌ಟ್ರಾ ಲೀನ್’ ಎಂದು ಬರೆಯಲು ಒಟ್ಟು ಕೊಬ್ಬು 5 ಗ್ರಾಂಗಿಂತಲೂ ಸ್ಯಾಚುರೇಟೆಡ್ ಕೊಬ್ಬು 2 ಗ್ರಾಂಗಿಂತಲೂ ಕಡಿಮೆ ಇರಬೇಕು. ತುಂಡು ಎಷ್ಟು ದಪ್ಪ, ಎಷ್ಟು ತೆಳು ಎಂಬ ಪ್ರಶ್ನೆ ಆ ನಿಯಮದಲ್ಲಿ ಎಲ್ಲಿಯೂ ಬರುವುದಿಲ್ಲ. ಎರಡು ಅಂಗುಲ ದಪ್ಪದ ತುಂಡೂ ಲೀನ್ ಆಗಬಲ್ಲದು, ಬಾಳೆಲೆಯಷ್ಟು ತೆಳುವಾಗಿ ಕೊಯ್ದ ತುಂಡೂ ಆಗದೇ ಹೋಗಬಲ್ಲದು.

ಮನುಷ್ಯದೇಹದ ವಿಷಯಕ್ಕೆ ಬಂದರೂ ಲೆಕ್ಕಾಚಾರ ಇದೇ. ವೈದ್ಯಕೀಯದಲ್ಲಿ ‘ಲೀನ್ ಬಾಡಿ ಮಾಸ್’ ಎಂದರೆ ಒಟ್ಟು ತೂಕದಿಂದ ಕೊಬ್ಬಿನ ತೂಕವನ್ನು ಕಳೆದಾಗ ಉಳಿಯುವುದು. ಸ್ನಾಯು, ಮೂಳೆ, ಒಳಗಿನ ಅಂಗಗಳು, ನೀರು ಎಲ್ಲವೂ ಅದರಲ್ಲಿ ಸೇರುತ್ತವೆ. 1.75 ಮೀಟರ್ ಎತ್ತರ, 80 ಕಿಲೋ ತೂಕದ ಒಬ್ಬ ಕುಸ್ತಿಪಟುವನ್ನು ಊಹಿಸಿಕೊಳ್ಳಿ. ಅವನ ಮೈಯಲ್ಲಿ ಕೊಬ್ಬು ಶೇಕಡಾ 10ರಷ್ಟಿದ್ದರೆ ಕೊಬ್ಬನ್ನು ಬಿಟ್ಟು ಉಳಿದ ತೂಕ 72 ಕಿಲೋ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ತೆಗೆಯುವ ಬಿಎಂಐ ಲೆಕ್ಕದಲ್ಲಿ ಅವನ ಅಂಕ 26ಕ್ಕಿಂತ ತುಸು ಮೇಲೆ, ಅಂದರೆ 25ರ ಗೆರೆ ದಾಟಿದ್ದರಿಂದ ಅವನು ಅಧಿಕ ತೂಕದವನು. ಅದೇ ಎತ್ತರದ, 55 ಕಿಲೋ ತೂಕದ, ದಿನವೆಲ್ಲ ಕುರ್ಚಿಯಲ್ಲಿ ಕೂರುವ ಇನ್ನೊಬ್ಬನ ಅಂಕ 18ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ 18.5ರ ಗೆರೆಗಿಂತ ಕೆಳಗಿರುವುದರಿಂದ ಅವನು ಕಡಿಮೆ ತೂಕದವನು. ಆದರೆ ಅವನ ಮೈಯಲ್ಲಿ ಕೊಬ್ಬು ಶೇಕಡಾ 28ರಷ್ಟಿದ್ದರೆ, ಇಂಗ್ಲಿಷಿನ ನಿಖರ ಬಳಕೆಯಲ್ಲಿ ಲೀನ್ ಎನಿಸಿಕೊಳ್ಳುವವನು ಆ ಕುಸ್ತಿಪಟುವೇ ಹೊರತು ಇವನಲ್ಲ. ಇವನು ಥಿನ್, ಅಷ್ಟೇ. ತೋಳು ಕಡ್ಡಿಯಂತಿದ್ದು ಹೊಟ್ಟೆ ಮೆತ್ತಗಿರುವ ಇಂಥವರಿಗೆ ಆಡುಮಾತಿನ ಇಂಗ್ಲಿಷಿನಲ್ಲಿ ‘ಸ್ಕಿನ್ನಿ ಫ್ಯಾಟ್’ ಎಂಬ ಹೆಸರೇ ಹುಟ್ಟಿಕೊಂಡಿದೆ.

ಬಿಎಂಐ ಸೂತ್ರದ ಹಿಂದಿರುವುದು ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ವಿಜ್ಞಾನಿ ಅಡಾಲ್ಫ್ ಕೆಟಲೆ ಅವರ ಲೆಕ್ಕ. ಅದಕ್ಕೆ ಈಗಿನ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಮತ್ತು ಸಂಗಡಿಗರ ಲೇಖನದಿಂದ. ದೊಡ್ಡ ಜನಸಮೂಹಗಳನ್ನು ಅಳೆಯಲು ಉಪಯುಕ್ತವಾದ ಈ ಸಂಖ್ಯೆಗೆ ಕೊಬ್ಬಿಗೂ ಸ್ನಾಯುವಿಗೂ ಇರುವ ಭೇದ ತಿಳಿಯದು. ಹೀಗಿರುವಾಗ ವೈದ್ಯರೇ ಈ ಪದವನ್ನು ಸಡಿಲವಾಗಿ ಬಳಸುವ ಒಂದು ಸಂದರ್ಭ ನನಗೆ ವಿಚಿತ್ರವೆನಿಸುತ್ತದೆ. ಮದ್ಯಪಾನದ ಕಾರಣವಿಲ್ಲದೆ ಯಕೃತ್ತಿನಲ್ಲಿ ಕೊಬ್ಬು ಸೇರುವ ಕಾಯಿಲೆಯು ಸ್ಥೂಲಕಾಯರಲ್ಲದವರಿಗೂ ಬರುತ್ತದೆ, ಅದನ್ನು ವೈದ್ಯಕೀಯ ಬರಹಗಳು ‘ಲೀನ್’ ಫ್ಯಾಟಿ ಲಿವರ್ ಎನ್ನುತ್ತವೆ. ಇಲ್ಲಿ ಲೀನ್ ಎಂದರೆ ಬಿಎಂಐ 25ಕ್ಕಿಂತ, ಏಷ್ಯಾದ ಜನರ ಮಟ್ಟಿಗೆ 23ಕ್ಕಿಂತ ಕಡಿಮೆ ಇರುವವರು ಎಂದಷ್ಟೇ ಅರ್ಥ. ಕೊಬ್ಬಿಲ್ಲದ ಎಂಬ ಅರ್ಥದ ವಿಶೇಷಣವನ್ನು ಕೊಬ್ಬು ತುಂಬಿದ ಯಕೃತ್ತಿನ ಪಕ್ಕದಲ್ಲಿ ನಿಲ್ಲಿಸುವುದು ಭಾಷೆಯ ದೃಷ್ಟಿಯಿಂದ ಒಂದು ಅಪಹಾಸ್ಯವೇ ಸರಿ. ಆರೋಗ್ಯ ಲೇಖನಗಳನ್ನು ಅನುವಾದಿಸುವವರು ಇಲ್ಲಿ ಪದವನ್ನು ಬಿಟ್ಟು ಅರ್ಥವನ್ನು ಹಿಡಿದು, ‘ತೂಕ ಹೆಚ್ಚಿಲ್ಲದವರಲ್ಲಿ’ ಎಂದು ಬರೆಯುವುದೇ ಸರಿಯಾದದ್ದು.

ಕೊಬ್ಬು ಪೂರ್ತಿಯಾಗಿ ಹೋಗಬೇಕಾದ ವಸ್ತುವೂ ಅಲ್ಲ. ನರಗಳು, ಮೂಳೆಯ ಮಜ್ಜೆ, ಜೀವಕೋಶದ ಹೊದಿಕೆ ಇವುಗಳ ಕೆಲಸಕ್ಕೆ ಅದು ಬೇಕು. ಗಂಡಸಿನ ದೇಹಕ್ಕೆ ತೂಕದ ಸುಮಾರು ಶೇಕಡಾ 3ರಷ್ಟು, ಹೆಂಗಸಿನ ದೇಹಕ್ಕೆ ಸುಮಾರು ಶೇಕಡಾ 12ರಷ್ಟು ಕೊಬ್ಬು ಅವಶ್ಯವೆಂದು ದೇಹಶಾಸ್ತ್ರದ ಪಠ್ಯಗಳು ಹೇಳುತ್ತವೆ. ಲೀನ್ ಎಂಬ ಪದದ ಇಬ್ಬಂದಿತನಕ್ಕೆ ಕಾರಣವೂ ಇಲ್ಲೇ ಇದೆ. ತೆಗೆದುಹಾಕಿದ್ದು ಬೇಡದ ಹೊರೆಯಾಗಿದ್ದರೆ ಲೀನ್ ಹೊಗಳಿಕೆ. ಕಷ್ಟಕಾಲಕ್ಕೆಂದು ಕೂಡಿಟ್ಟ ಗಂಟೇ ಕರಗಿಹೋಗಿದ್ದರೆ ಅದೇ ಪದ ಬಡತನದ ಹೆಸರು. ಪದವು ಎರಡೂ ಕಡೆ ಒಂದೇ ಸಂಗತಿಯನ್ನು ಹೇಳುತ್ತಿರುತ್ತದೆ. ಹೋದದ್ದು ಹೊರೆಯೋ ಆಸರೆಯೋ ಎಂಬುದನ್ನು ಮಾತ್ರ ಸುತ್ತಲಿನ ವಾಕ್ಯ ತೀರ್ಮಾನಿಸುತ್ತದೆ.

ಹಳೆಯ ಇಂಗ್ಲಿಷ್ ಬರಹಗಳಲ್ಲಿ ಬಡತನದ ಅರ್ಥವೇ ಹೆಚ್ಚು ಕಾಣುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ಯಾತ್ರಿಕರ ಕಥೆಗಳಲ್ಲಿ ಆಕ್ಸ್‌ಫರ್ಡಿನ ಒಬ್ಬ ವಿದ್ಯಾರ್ಥಿ ಬರುತ್ತಾನೆ. ಕೈಗೆ ಬಂದ ಹಣವನ್ನೆಲ್ಲ ಪುಸ್ತಕಕ್ಕೆ ಸುರಿಯುವ ಅವನ ಕುದುರೆ, ಹುಲ್ಲು ಬಾಚುವ ಹಲ್ಲುಕೋಲಿನಷ್ಟು ಲೀನ್ ಆಗಿತ್ತಂತೆ; ಅವನೂ ದಪ್ಪಗಿರಲಿಲ್ಲ ಎಂದು ಕವಿ ಪಕ್ಕದಲ್ಲೇ ಸೇರಿಸುತ್ತಾನೆ. ಆ ಹೋಲಿಕೆ ಇಂದಿಗೂ ಇಂಗ್ಲಿಷಿನಲ್ಲಿ ಬದುಕಿದೆ, ಆದರೆ ಈಗ ಜನ ಅದನ್ನು ಹೇಳುವುದು ಹೆಚ್ಚಾಗಿ ಥಿನ್ ಎಂಬ ಪದದೊಂದಿಗೆ. ಈ ಬದಲಾವಣೆ ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಲೀನ್ ಕ್ರಮೇಣ ಗಟ್ಟಿತನದ, ಕಸುವಿನ ಕಡೆಗೆ ಸರಿದುಕೊಂಡಂತೆ, ಎಲುಬು ಕಾಣುವ ಕುದುರೆಗೆ ಅದು ಹೊಂದದೆ ಹೋಯಿತು.

1611ರ ಇಂಗ್ಲಿಷ್ ಬೈಬಲಿನಲ್ಲಿ ಬರುವ ಈಜಿಪ್ಟಿನ ದೊರೆ ಫರೋಹನ ಕನಸು ಈ ಪದಕ್ಕೆ ಮತ್ತೊಂದು ಆಯುಷ್ಯ ಕೊಟ್ಟಿತು. ನೈಲ್ ನದಿಯಿಂದ ಕೊಬ್ಬಿದ ಏಳು ಹಸುಗಳು ಮೇಲೆ ಬರುತ್ತವೆ, ಅವುಗಳ ಹಿಂದೆಯೇ ಬಡಕಲಾದ ಏಳು ಹಸುಗಳು ಬಂದು ಮೊದಲಿನವನ್ನು ನುಂಗುತ್ತವೆ. ಯೋಸೇಫನು ಇದನ್ನು ಏಳು ವರ್ಷ ಸುಭಿಕ್ಷ, ಆಮೇಲೆ ಏಳು ವರ್ಷ ಬರ ಎಂದು ಬಿಡಿಸಿ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಸಂಪಾದನೆ ಕುಸಿದ ವರ್ಷಗಳನ್ನು ‘ಲೀನ್ ಇಯರ್ಸ್’ ಎನ್ನುವುದರ ಹಿಂದೆ ಈ ಹಸುಗಳಿವೆ. ಆ ಕಥೆಯಲ್ಲಿ ನನಗೆ ಇಷ್ಟವಾಗುವ ವಿವರ ಬೇರೆಯೇ ಇದೆ: ಏಳು ಕೊಬ್ಬಿದ ಹಸುಗಳನ್ನು ನುಂಗಿದ ಮೇಲೂ ಆ ಬಡಕಲು ಹಸುಗಳು ನುಂಗಿದ್ದರ ಗುರುತೇ ಸಿಗದಂತೆ ಮೊದಲಿನಷ್ಟೇ ಬಡಕಲಾಗಿ ಉಳಿಯುತ್ತವೆ ಎಂದು ಫರೋಹನು ಸ್ವತಃ ಹೇಳುತ್ತಾನೆ. ಬರಗಾಲವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ವಿವರಿಸುವುದು ಕಷ್ಟ. ಇಂದಿಗೂ ಆಹಾರ ಭದ್ರತೆಯ ವರದಿಗಳಲ್ಲಿ ‘ಲೀನ್ ಸೀಸನ್’ ಎಂಬ ಮಾತು ಇದೇ ಅರ್ಥದಲ್ಲಿ ಬರುತ್ತದೆ. ಹಿಂದಿನ ಫಸಲಿನ ಕಾಳು ಮುಗಿದು, ಮುಂದಿನ ಫಸಲು ಇನ್ನೂ ಹೊಲದಲ್ಲೇ ಇರುವ ಅವಧಿ ಅದು. ಆಫ್ರಿಕಾದ ಸಾಹೇಲ್ ಪ್ರದೇಶದಲ್ಲಿ ಸಾಮಾನ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳು. ಪ್ರವಾಸೋದ್ಯಮದವರು ಗಿರಾಕಿ ಕಡಿಮೆಯಾದ ತಿಂಗಳುಗಳಿಗೂ ಇದೇ ಮಾತನ್ನು ಬಳಸುತ್ತಾರೆ, ಆದರೆ ಖಾಲಿ ಕೋಣೆಗೂ ಖಾಲಿ ಕಣಜಕ್ಕೂ ಇರುವ ಅಂತರವನ್ನು ಅನುವಾದಕ ಮರೆಯುವಂತಿಲ್ಲ.

ಷೇಕ್ಸ್‌ಪಿಯರನ ಬಳಕೆ ಇನ್ನೂ ಸೂಕ್ಷ್ಮವಾದುದು. ಜೂಲಿಯಸ್ ಸೀಸರನ ಕುರಿತ ನಾಟಕದ ಮೊದಲ ಅಂಕದಲ್ಲಿ ಸೀಸರನು ತನ್ನ ಸುತ್ತ ಮೈತುಂಬಿದ, ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುವ ಜನರಿರಲಿ ಎಂದು ಬಯಸುತ್ತಾನೆ. ಕ್ಯಾಸಿಯಸನ ಮುಖದಲ್ಲಿ ‘ಲೀನ್’ ಆದ, ಹಸಿದ ಕಳೆ ಇದೆ, ಅವನು ಅತಿಯಾಗಿ ಯೋಚಿಸುತ್ತಾನೆ, ಅಂಥವರು ಅಪಾಯಕಾರಿ ಎಂದು ಆಂಟನಿಯ ಮುಂದೆ ಹೇಳುತ್ತಾನೆ. ನಾಟಕಕಾರನಿಗೆ ಈ ಸಂಗತಿ ಸಿಕ್ಕಿದ್ದು ಪ್ರಾಚೀನ ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕನಿಂದ. 1579ರಲ್ಲಿ ಥಾಮಸ್ ನಾರ್ತ್ ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಇದೇ ಜನ ಬಿಳಿಚಿಕೊಂಡ ಮುಖದವರು, ಹೆಣದಷ್ಟು ಲೀನ್ ಆದವರು. ಕ್ಯಾಸಿಯಸ್ ಇಲ್ಲಿ ಊಟವಿಲ್ಲದೆ ಬಡಕಲಾದವನಲ್ಲ, ವ್ಯಾಯಾಮದಿಂದ ಹುರಿಗಟ್ಟಿದವನೂ ಅಲ್ಲ. ತೃಪ್ತಿ ಎಂಬುದು ಮೈಗೆ ಹತ್ತದವನು. ಕನ್ನಡದಲ್ಲಿ ‘ಬಡಕಲು’ ಎಂದರೆ ಅವನ ಮೇಲೆ ಕನಿಕರ ಹುಟ್ಟುತ್ತದೆ, ‘ತೆಳ್ಳಗಿನ’ ಎಂದರೆ ಏನೂ ಹುಟ್ಟುವುದಿಲ್ಲ. ನಾನಾದರೆ ‘ಒಣಗಿ ಹಸಿದ ಮುಖ’ ಎಂದು ಬರೆದು, ಭಯದ ಕೆಲಸವನ್ನು ಹಸಿವಿಗೆ ಬಿಡುತ್ತೇನೆ.

ಈ ಪದದ ವಿರುದ್ಧಾರ್ಥಕವನ್ನು ಕೇಳಿದರೆ ಯಾರಾದರೂ ತಟ್ಟನೆ ಫ್ಯಾಟ್ ಎನ್ನುತ್ತಾರೆ. ದೇಹದ ಮಟ್ಟಿಗೆ ಅದು ಸರಿ. ಆದರೆ ಯಂತ್ರಗಳ ಲೋಕಕ್ಕೆ ಹೋದರೆ ವಿರುದ್ಧಪದ ಬದಲಾಗಿ ‘ರಿಚ್’ ಆಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಅದಕ್ಕಿಂತ ಹೆಚ್ಚಿದ್ದು ಇಂಧನ ಕಡಿಮೆಯಾದ ಮಿಶ್ರಣಕ್ಕೆ ಲೀನ್ ಎಂದೂ ಇಂಧನ ಹೆಚ್ಚಾದದ್ದಕ್ಕೆ ರಿಚ್ ಎಂದೂ ಹೆಸರು. ಸ್ವಲ್ಪ ಲೀನ್ ಇದ್ದರೆ ಇಂಧನ ಉಳಿಯುತ್ತದೆ. ಮಿತಿ ಮೀರಿದರೆ ಕಿಡಿ ಹಾರಿದರೂ ಮಿಶ್ರಣ ಹೊತ್ತಿಕೊಳ್ಳದೆ ಎಂಜಿನ್ ಮುಗ್ಗರಿಸುತ್ತದೆ. ಕಾರ್ಬ್ಯುರೇಟರ್ ಇರುವ ಬೈಕುಗಳನ್ನು ರಿಪೇರಿ ಮಾಡುವವರು ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ಬಿಳಿಚಿಕೊಂಡಿರುವುದನ್ನು ನೋಡಿ ‘ಲೀನ್ ಆಗಿದೆ’ ಎಂದು ನಿರ್ಣಯ ಕೊಡುವುದುಂಟು. ತೆಗೆದದ್ದು ಹೊರೆಯೋ ಆಸರೆಯೋ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಸಿಲಿಂಡರಿನೊಳಗೆ ಮತ್ತೆ ಎದ್ದಿದೆ.

ಕಟ್ಟಡದವರ ‘ಲೀನ್ ಕಾಂಕ್ರೀಟ್’ ಕೂಡ ಇದೇ ಜಾತಿಯದು. ಅದು ತೆಳ್ಳಗೆ ಹರಡಿದ ಕಾಂಕ್ರೀಟ್ ಎಂದು ಭಾವಿಸಿದವರನ್ನು ಕಂಡಿದ್ದೇನೆ, ಮತ್ತು ಆ ಭಾವನೆಗೆ ನೆಪವೂ ಇದೆ, ಏಕೆಂದರೆ ಅಡಿಪಾಯದ ಕೆಳಗೆ ನೆಲವನ್ನು ಸಮತಟ್ಟು ಮಾಡಲು ಹಾಕುವ ಆ ಪದರ ನಿಜಕ್ಕೂ ತೆಳುವಾಗಿಯೇ ಇರುತ್ತದೆ. ಆದರೂ ಹೆಸರು ಬಂದದ್ದು ಅದರಲ್ಲಿ ಸಿಮೆಂಟ್ ಕಡಿಮೆ ಇರುವುದರಿಂದ. ಭಾರ ಹೊರುವ ಕೆಲಸ ಅದಕ್ಕಿಲ್ಲವಾದ್ದರಿಂದ ಸಿಮೆಂಟಿಗೆ ಖರ್ಚು ಮಾಡುವ ಅಗತ್ಯವಿಲ್ಲ. ಮಣ್ಣಿನ ಎಂಜಿನಿಯರುಗಳು ಮಾತ್ರ ಇಂಗ್ಲಿಷಿನ ಹಳೆಯ ಜೋಡಿಯನ್ನೇ ಉಳಿಸಿಕೊಂಡಿದ್ದಾರೆ. ಜಗತ್ತಿನ ಬಹುಕಡೆ ಬಳಕೆಯಲ್ಲಿರುವ ಯೂನಿಫೈಡ್ ಮಣ್ಣಿನ ವರ್ಗೀಕರಣದಲ್ಲಿ ಜೇಡಿಮಣ್ಣಿನ ದ್ರವಮಿತಿ, ಅಂದರೆ ಮಣ್ಣು ದ್ರವದಂತೆ ಹರಿಯತೊಡಗುವಾಗ ಅದರಲ್ಲಿರುವ ನೀರಿನ ಶೇಕಡಾ ಪ್ರಮಾಣ, 50ಕ್ಕಿಂತ ಕಡಿಮೆ ಇದ್ದರೆ ಅದು ‘ಲೀನ್ ಕ್ಲೇ’, 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಫ್ಯಾಟ್ ಕ್ಲೇ’. ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿಯುವ ಜಿಗುಟು ಮಣ್ಣನ್ನು ಕೊಬ್ಬಿದ ಮಣ್ಣು ಎಂದು ಕರೆದವನ ಬೆರಳುಗಳಿಗೆ ಮಣ್ಣಿನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ತೈಲವರ್ಣದ ಚಿತ್ರಕಾರರ ಬಳಕೆ ಇವೆಲ್ಲಕ್ಕಿಂತ ಚೆಂದ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅವರಲ್ಲಿ ಬಹು ಹಳೆಯ ನಿಯಮವೊಂದಿದೆ: ಲೀನ್ ಮೇಲೆ ಫ್ಯಾಟ್ ಬರಬೇಕು, ಫ್ಯಾಟ್ ಮೇಲೆ ಲೀನ್ ಬರಬಾರದು. ಇಲ್ಲಿ ಕೊಬ್ಬು ಎಂದರೆ ಅಗಸೆ ಎಣ್ಣೆಯಂಥ, ಗಾಳಿಗೆ ಒಣಗುವ ಎಣ್ಣೆ. ಕ್ಯಾನ್ವಾಸಿನ ಮೇಲೆ ಮೊದಲು ಹಚ್ಚುವ ಪದರದಲ್ಲಿ ಎಣ್ಣೆ ಕಡಿಮೆ ಇರುತ್ತದೆ, ಬಣ್ಣವನ್ನು ಟರ್ಪೆಂಟೈನಿನಿಂದ ಸಡಿಲಗೊಳಿಸಿರುತ್ತಾರೆ, ಹಾಗಾಗಿ ಅದು ಬೇಗ ಒಣಗಿ ಬಿಗಿಯಾಗುತ್ತದೆ. ಮೇಲಿನ ಒಂದೊಂದು ಪದರದಲ್ಲೂ ಎಣ್ಣೆಯ ಪಾಲು ಹೆಚ್ಚುತ್ತ ಹೋಗುತ್ತದೆ. ಎಣ್ಣೆ ಹೆಚ್ಚಿದಷ್ಟೂ ಪದರ ನಿಧಾನವಾಗಿ ಒಣಗುತ್ತದೆ ಮತ್ತು ಒಣಗಿದ ಮೇಲೂ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಕ್ರಮ ತಲೆಕೆಳಗಾದರೆ ಮೇಲಿನ ಪದರ ಮೊದಲು ಒಣಗಿ ಬಿಗಿದುಕೊಂಡು, ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗ ಚಿತ್ರದ ಮೈ ಬಿರುಕು ಬಿಡುತ್ತದೆ. ಲೀನ್ ಪದರದ ಬಣ್ಣವನ್ನು ದಪ್ಪವಾಗಿಯೂ ಹಚ್ಚಬಹುದು, ಫ್ಯಾಟ್ ಪದರವನ್ನು ಗಾಜಿನಂತೆ ತೆಳುವಾಗಿಯೂ ಹಚ್ಚಬಹುದು. ದಪ್ಪಕ್ಕೂ ಈ ಹೆಸರುಗಳಿಗೂ ಸಂಬಂಧವಿಲ್ಲ. ಲೀನ್ ಎಂದರೆ ತೆಳು ಎಂದು ಹಟ ಹಿಡಿಯುವವರಿಗೆ ಕೊಡಬಹುದಾದ ಅತ್ಯುತ್ತಮ ಉತ್ತರ ಇದು.

ಕಳೆದ ಮೂರೂವರೆ ದಶಕಗಳಲ್ಲಿ ಲೀನ್ ಎಂಬ ಪದವನ್ನು ಜಗತ್ತಿನ ಕಚೇರಿಗಳಿಗೆಲ್ಲ ಹಂಚಿದ್ದು ಕಾರಿನ ಕಾರ್ಖಾನೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಗತ್ತಿನ ಮೋಟಾರು ಉದ್ಯಮವನ್ನು ಅಧ್ಯಯನ ಮಾಡುತ್ತಿದ್ದ ತಂಡದ ಜಾನ್ ಕ್ರಾಫ್ಸಿಕ್ ಅವರು 1988ರ ಲೇಖನದಲ್ಲಿ ಜಪಾನಿನ ಟೊಯೋಟಾದ ಉತ್ಪಾದನಾ ಪದ್ಧತಿಯನ್ನು ‘ಲೀನ್’ ಎಂದು ಕರೆದರು; 1990ರಲ್ಲಿ ವೊಮ್ಯಾಕ್, ಜೋನ್ಸ್, ರೂಸ್ ಅವರ ಪುಸ್ತಕದಿಂದ ಆ ಹೆಸರು ಎಲ್ಲೆಡೆ ಹಬ್ಬಿತು. ಟೊಯೋಟಾದ ತೈಚಿ ಓನೊ ಅವರು ಬೇಡದ ಉತ್ಪಾದನೆ, ಕಾಯುವಿಕೆ, ಸಾಗಾಟ, ದಾಸ್ತಾನು ಮೊದಲಾಗಿ ಏಳು ಬಗೆಯ ವ್ಯರ್ಥಗಳನ್ನು ಪಟ್ಟಿಮಾಡಿದ್ದರು. ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುವ ಬಿಡಿಭಾಗಗಳನ್ನು ಕೊಬ್ಬಿಗೆ ಸಮೀಕರಿಸಿದರೆ ಹೆಸರಿನ ಔಚಿತ್ಯ ತಾನಾಗಿ ತಿಳಿಯುತ್ತದೆ.

ಇಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಇದೇ ಸಂಶೋಧಕರ ವಲಯದಲ್ಲಿ ಈ ಪದ್ಧತಿಗೆ ಮೊದಲು ಬಳಕೆಯಲ್ಲಿದ್ದ ವಿಶೇಷಣ ‘ಫ್ರ್ಯಾಜೈಲ್’, ಅಂದರೆ ಸುಲಭವಾಗಿ ಮುರಿಯುವಂಥದ್ದು. ದಾಸ್ತಾನು ಇಲ್ಲದ ಕಾರ್ಖಾನೆಯಲ್ಲಿ ಒಂದು ಕಡೆ ತಪ್ಪಾದರೆ ಸಾಲು ಸಾಲಾಗಿ ಎಲ್ಲವೂ ನಿಲ್ಲುತ್ತದೆ, ಹಾಗಾಗಿ ತಪ್ಪನ್ನು ಆ ಕ್ಷಣವೇ ಸರಿಪಡಿಸಬೇಕಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಆ ಪದಕ್ಕೆ ಕೆಟ್ಟ ಧ್ವನಿ ಇದೆಯೆಂದು ಅದನ್ನು ಬಿಟ್ಟು, ವ್ಯಾಯಾಮಶಾಲೆಯ ಹೊಳಪಿರುವ ಲೀನ್ ಅನ್ನು ಆರಿಸಿಕೊಂಡರು. ವಸ್ತು ಅದೇ, ಹೆಸರು ಮಾತ್ರ ಬೇರೆ. 2020ರ ನಂತರ ಸೆಮಿಕಂಡಕ್ಟರ್ ಚಿಪ್‌ಗಳ ಕೊರತೆಯಾಗಿ ಕಾರು ಕಾರ್ಖಾನೆಗಳು ಒಂದರ ಹಿಂದೆ ಒಂದು ನಿಂತಾಗ, ಕೈಬಿಟ್ಟಿದ್ದ ಆ ಹಳೆಯ ವಿಶೇಷಣ ಎಷ್ಟು ಪ್ರಾಮಾಣಿಕವಾಗಿತ್ತು ಎಂಬುದು ಕಂಡಿತು. ಟೊಯೋಟಾ ಸ್ವತಃ ಜಪಾನಿನ 2011ರ ಭೂಕಂಪದ ಪಾಠದಿಂದ ಚಿಪ್‌ಗಳ ದಾಸ್ತಾನನ್ನು ಪೂರೈಕೆದಾರರ ಬಳಿ ಇರಿಸುವ ವ್ಯವಸ್ಥೆ ಮಾಡಿಕೊಂಡಿದ್ದರಿಂದ, ಆರಂಭದ ಹಂತದಲ್ಲಿ ಉಳಿದವರಿಗಿಂತ ಕಡಿಮೆ ಪೆಟ್ಟು ತಿಂದಿತು. ಲೀನ್ ಪದ್ಧತಿಯ ತವರಿನವರೇ ಸ್ವಲ್ಪ ಕೊಬ್ಬು ಇಟ್ಟುಕೊಂಡಿದ್ದರು!

ಅಲ್ಲಿಂದ ಮುಂದೆ ಈ ಪದ ಯಾವ ಯಾವುದಕ್ಕೋ ಅಂಟಿಕೊಂಡಿತು. 2011ರ ಎರಿಕ್ ರೀಸ್ ಅವರ ಪುಸ್ತಕದಿಂದ ‘ಲೀನ್ ಸ್ಟಾರ್ಟಪ್’ ಎಂಬ ಮಾತು ಜನಪ್ರಿಯವಾಯಿತು. ಸಿಬ್ಬಂದಿಯನ್ನು ಮನೆಗೆ ಕಳಿಸಿದ ಮೇಲೆ ಕಂಪನಿಗಳು ತಮ್ಮನ್ನು ‘ಲೀನ್ ಅಂಡ್ ಮೀನ್’ ಎಂದು ಕರೆದುಕೊಳ್ಳುತ್ತವೆ. ಅಲ್ಲಿಯ ಮೀನ್ ಎಂದರೆ ನೀಚ ಎಂದಲ್ಲ, ಎದುರಾಳಿಗೆ ಭಾರಿಯಾದವನು ಎಂದರ್ಥ, ಆದರೆ ಕೆಲಸ ಕಳೆದುಕೊಂಡವರು ಮೊದಲ ಅರ್ಥವನ್ನೇ ಓದಿಕೊಂಡರೆ ಅವರನ್ನು ದೂರುವಂತಿಲ್ಲ. ಇಂಥ ಪ್ರಕಟಣೆಗಳನ್ನು ಅನುವಾದಿಸುವವರು ‘ಸದೃಢ’, ‘ಚುರುಕು’ ಎಂಬ ಹೊಳಪಿನ ಪದಗಳಿಗೆ ಕೈಹಾಕದೆ ‘ಕಡಿಮೆ ಸಿಬ್ಬಂದಿಯ’ ಎಂದು ನೇರವಾಗಿ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಗದ್ಯವನ್ನು ಲೀನ್ ಎಂದು ಹೊಗಳುವುದೂ ಇಂಗ್ಲಿಷ್ ವಿಮರ್ಶಕರಿಗೆ ರೂಢಿ. ಕನ್ನಡದಲ್ಲಿ ಅದಕ್ಕೆ ‘ಬಿಗಿಯಾದ’ ಎಂಬ ಮಾತು ಸಾಕು. ‘ತೆಳು ಗದ್ಯ’ ಎಂದರೆ ಬೈದಂತಾಗುತ್ತದೆ.

ವ್ಯಾಕರಣದಲ್ಲಿ ಈ ಪದ ತೊಂದರೆ ಕೊಡುವುದಿಲ್ಲ. ನಾಮಪದಕ್ಕೆ ಮೊದಲೂ ಬರುತ್ತದೆ, ಕ್ರಿಯಾಪದದ ನಂತರವೂ ನಿಲ್ಲುತ್ತದೆ. ತುಲನೆಗೆ ಲೀನರ್, ಲೀನೆಸ್ಟ್. ಗೊಂದಲ ಹುಟ್ಟುವುದು ಒರಗು, ವಾಲು ಎಂಬ ಅರ್ಥದ ಲೀನ್ ಎಂಬ ಕ್ರಿಯಾಪದದಿಂದ. ಎರಡರ ಕಾಗುಣಿತವೂ ಉಚ್ಚಾರಣೆಯೂ ಇಂದು ಒಂದೇ ಆಗಿದ್ದರೂ ಹಳೆಯ ಇಂಗ್ಲಿಷಿನಲ್ಲಿ ಅವುಗಳ ರೂಪ ಬೇರೆಯಾಗಿದ್ದವು ಮತ್ತು ನಿಘಂಟುಗಳು ಇವನ್ನು ಬೇರೆ ಬೇರೆ ನಮೂದುಗಳಾಗಿಯೇ ಕೊಡುತ್ತವೆ. ಕ್ರಿಯಾಪದದ ಬೇರು ಸಂಸ್ಕೃತದ ‘ಆಶ್ರಯ’ದಲ್ಲಿರುವ ಶ್ರಿ ಧಾತುವಿನವರೆಗೂ ಹೋಗುತ್ತದೆ, ಒರಗಿಕೊಳ್ಳುವುದೂ ಆಶ್ರಯಿಸುವುದೂ ಒಂದೇ ಮನೆತನದವು. ವಾಕ್ಯದಲ್ಲಿ ‘ಮೇಲೆ’, ‘ಕಡೆಗೆ’, ‘ವಿರುದ್ಧ’ ಎಂಬ ಅರ್ಥದ ಉಪಸರ್ಗ ಲೀನ್ ಪಕ್ಕದಲ್ಲಿ ಕಂಡರೆ ಅದು ಹೆಚ್ಚಾಗಿ ಕ್ರಿಯಾಪದವೇ ಆಗಿರುತ್ತದೆ.

ಕನ್ನಡದಲ್ಲಿ ಈ ವಿಶೇಷಣಕ್ಕೆ ಒಂದೇ ಪದ ಹುಡುಕುವುದನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ನಮ್ಮಲ್ಲಿ ಸಂದರ್ಭಕ್ಕೊಂದು ಒಳ್ಳೆಯ ಪದ ಇದ್ದೇ ಇದೆ. ಓಟಗಾರನಿಗೆ ‘ಹುರಿಗಟ್ಟಿದ ಮೈ’, ಬೇಟೆನಾಯಿಗೆ ‘ಸಪೂರ’, ಮೇವಿಲ್ಲದ ದನಕ್ಕೆ ‘ಬಡಕಲು’ ಅಥವಾ ‘ಸೊರಗಿದ’, ಮಾಂಸಕ್ಕೆ ‘ಕೊಬ್ಬಿಲ್ಲದ’, ವರ್ಷಕ್ಕೆ ‘ಕೊರತೆಯ’, ಎಂಜಿನ್ನಿನ ಮಿಶ್ರಣಕ್ಕೆ ‘ಪೆಟ್ರೋಲ್ ಕಡಿಮೆಯಾದ’. ಸಂಸ್ಥೆಗಳ ವಿಷಯದಲ್ಲಿ ‘ಕೊಬ್ಬಿಲ್ಲದ’ ಎಂಬುದು ಮಾತ್ರ ನಡೆಯದು. ನಮ್ಮ ಭಾಷೆಯಲ್ಲಿ ಕೊಬ್ಬು ಎಂದರೆ ಸೊಕ್ಕು ಕೂಡ ಆಗಿರುವುದರಿಂದ ಕೊಬ್ಬಿಲ್ಲದ ಕಂಪನಿ ಎಂದರೆ ವಿನಯವಂತ ಕಂಪನಿಯಾಗಿಬಿಡುತ್ತದೆ. ಉತ್ಪಾದನಾ ಪದ್ಧತಿಯ ಹೆಸರಾಗಿ ಬಂದಾಗ ‘ಲೀನ್’ ಎಂದೇ ಉಳಿಸಿಕೊಂಡು ಮೊದಲ ಸಲ ಒಂದು ಸಾಲಿನ ವಿವರಣೆ ಕೊಡುವುದು ಮೇಲು. ಹಾಗೆ ಉಳಿಸಿಕೊಳ್ಳುವಾಗ ನ್ ಅಕ್ಷರದ ಮೇಲಿನ ವಿರಾಮದ ಆ ಸಣ್ಣ ಚಿಹ್ನೆ ಬಿದ್ದುಹೋಗದಂತೆ ಕರಡು ತಿದ್ದುವವರು ನೋಡಿಕೊಳ್ಳಬೇಕು. ಬಿದ್ದರೆ ಕಾರ್ಖಾನೆಯ ಪದ್ಧತಿಯು ‘ಲೀನ’ ಪದ್ಧತಿಯಾಗಿ, ಎಲ್ಲಿ ಲೀನವಾಯಿತು ಎಂದು ಓದುಗ ಹುಡುಕತೊಡಗುತ್ತಾನೆ. ಬ್ಯಾಂಕಿನವರು ಖಾತೆಯ ಹಣಕ್ಕೆ ಹಾಕುವ ‘ಲೀನ್’ ಇನ್ನೊಂದಿದೆ. ಸಾಲಕ್ಕಾಗಿ ಹಣವನ್ನು ತಡೆಹಿಡಿಯುವ ಹಕ್ಕು ಅದು, ಇಂಗ್ಲಿಷಿನಲ್ಲಿ ಅದರ ಕಾಗುಣಿತ ಬೇರೆ, ಕನ್ನಡ ಲಿಪಿಯಲ್ಲಿ ಮಾತ್ರ ಇದೇ. ಅದನ್ನು ‘ತಡೆಹಿಡಿದ ಮೊತ್ತ’ ಎಂದು ಬರೆದರೆ ಎರಡಕ್ಕೂ ಜಾಗ ಉಳಿಯುತ್ತದೆ.